ಇನ್ನೊಂದು ಸಲ ಹೇಳಿ

ಜನವರಿ 12, ಸೋಮವಾರ

ಮೂರು ಪ್ಯಾಂಟಿನ ಕಾಲು ಮಡಿಸಿ ಹೊಲಿದೆ. ಒಂದು ಕೋಟಿನ ತೋಳು ಬಿಚ್ಚಿ ಮತ್ತೆ ಕೂರಿಸಿದೆ. ಮಧ್ಯಾಹ್ನ ಸೂಜಿ ಮುರಿಯಿತು. ಟಕ್ ಅಂದಿರಬೇಕು— ಅಕ್ಕ ಕೌಂಟರಿನಿಂದ ತಿರುಗಿ ನೋಡಿದಳು. ನನಗೆ ಅದು ಬೆರಳಲ್ಲಿ ಗೊತ್ತಾಗುತ್ತದೆ, ಬಟ್ಟೆ ಮುಂದೆ ಹೋಗದೆ ಮುನಿಸಿಕೊಳ್ಳುತ್ತದೆ.

ಇವತ್ತು ಒಬ್ಬ ಹೊಸ ಗಿರಾಕಿ ತನ್ನ ಶರ್ಟು ಮರೆತು ನಮ್ಮಿಬ್ಬರನ್ನೇ ನೋಡುತ್ತ ನಿಂತುಬಿಟ್ಟ. ಅಕ್ಕ ತನ್ನ ಕುತ್ತಿಗೆಯ ಹತ್ತಿರ ಎಳೆದು ತೋರಿಸಿದರೆ ಕಾಲರ್ ಬಿಗಿ. ಸೊಂಟದ ಮೇಲೆ ಅಂಗೈ ಸವರಿದರೆ ಸಡಿಲ ಮಾಡು. ಎರಡು ಬೆರಳೆತ್ತಿದರೆ ನಾಡಿದ್ದಿಗೆ ಬೇಕು. ನಾನು ಕೈಯಲ್ಲಿ ಉತ್ತರ ಕೊಡುತ್ತೇನೆ, ಅವಳು ಅದನ್ನು ಬಾಯಲ್ಲಿ ಹೇಳುತ್ತಾಳೆ. ನನ್ನ ದನಿ ಎಷ್ಟು ಜೋರಾಗಿದೆ ಎಂದು ನನಗೇ ತಿಳಿಯದಂತಾದ ಮೇಲೆ ಗಿರಾಕಿಗಳ ಮುಂದೆ ಬಾಯಿ ತೆರೆಯುವುದನ್ನು ಬಿಟ್ಟೆ. ಆತ ಹೋಗುವಾಗ ನನಗೆ ಕೈ ಬೀಸಿ ಟಾಟಾ ಮಾಡಿದ, ತೊಟ್ಟಿಲ ಮಗುವಿಗೆ ಮಾಡುವ ಹಾಗೆ. ಕೈಯಲ್ಲಿ ಕತ್ತರಿ ಇತ್ತು. ಕೆಳಗಿಟ್ಟೆ.

ಶರ್ಟು ಹೇಗಿದೆಯಂತೆ ಎಂದು ಸನ್ನೆಯಲ್ಲಿ ಕೇಳಿದೆ. ಬಹಳ ಚೆನ್ನಾಗಿದೆಯಂತೆ. ಎಲ್ಲರೂ ಹಾಗೇ ಹೇಳುತ್ತಾರೆ.

ನಾಳೆ ಕಿವಿ ಪರೀಕ್ಷೆಗೆ ಹೋಗಬೇಕು. ಅಕ್ಕನ ಹಟ. ಗಂಡ ತೀರಿಹೋದ ಮೇಲೆ ಇಲ್ಲಿಗೆ ಬಂದವಳು, ಆಗ ನನ್ನ ಕಿವಿ ಮುಕ್ಕಾಲು ಕೆಲಸ ಮಾಡುತ್ತಿತ್ತು. ಈಗ ಕಾಲು. ಅವಳ ಗೋಳು ತಡೆಯಲಾರದೆ ಒಪ್ಪಿಕೊಂಡೆ.

ಜನವರಿ 13, ಮಂಗಳವಾರ

ಗಾಜಿನ ಕೋಣೆ. ಒಳಗೆ ಒಂದೇ ಕುರ್ಚಿ. ಕಿವಿಗೆ ಎರಡು ಬಟ್ಟಲು ಸಿಕ್ಕಿಸಿ ಕೈಗೊಂದು ಗುಂಡಿ ಕೊಟ್ಟರು. ಬೀಪ್ ಕೇಳಿದರೆ ಒತ್ತಬೇಕು. ಪರೀಕ್ಷೆ ಮಾಡುವವಳು ಎಳೆಯ ಹುಡುಗಿ, ಅಕ್ಕನ ಮಗಳಿಗಿಂತ ಚಿಕ್ಕವಳು. ಗಾಜಿನಾಚೆ ಅವಳ ಭುಜ ಕಾಣುತ್ತಿತ್ತು. ಅವಳು ಏನೋ ಒತ್ತಿದಾಗಲೆಲ್ಲ ಭುಜ ಒಂಚೂರು ಏಳುತ್ತದೆ. ಅದು ಎದ್ದಾಗಲೆಲ್ಲ ನಾನೂ ಒತ್ತಿದೆ. ಬಟ್ಟೆ ಅಳೆಯುವವಳಿಗೆ ಭುಜ ಓದುವುದು ಕಷ್ಟವೇ?

ಸ್ವಲ್ಪ ಹೊತ್ತಿಗೆ ಎದ್ದು ಬಂದು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಳು. ಎದುರಿಗೆ ಬಗ್ಗಿ, ತುಟಿ ಕಾಣುವಂತೆ ಹೇಳಿದಳು:

“ಬುದ್ಧಿವಂತರೆಲ್ಲ ಹೀಗೇ ಮಾಡೋದು ಅಮ್ಮಾ. ಈಗ ಕಿವೀಲಿ ಕೇಳಿ, ಕಣ್ಣಲ್ಲಿ ಬೇಡ.”

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಗೋಡೆ, ನಾನು.

ಕೊನೆಗೆ ಎರಡೂ ಕಿವಿಯ ಹಿಂದೆ ಒಂದೊಂದು ಕೇಳುವ ಮಷೀನು ಸಿಕ್ಕಿಸಿದಳು. ಸಣ್ಣವು, ಬಾಗಿದವು, ಥೇಟ್ ಗೋಡಂಬಿ. ಆನ್ ಮಾಡಿದಳು. ಯಾರೋ ಹೆಂಗಸು ಒರಟಾಗಿ “ಇದೇನಿದು?” ಅಂದಳು. ಯಾರು ಎಂದು ತಿರುಗಿ ನೋಡಿದೆ. ನಾನೇ.

ಹುಡುಗಿ ಹೇಳಿದ್ದು: ಕಿವಿ ಬರೀ ಬಾಗಿಲು, ಕೇಳುವುದು ಮಿದುಳು. ಇಷ್ಟು ವರ್ಷದಲ್ಲಿ ಅದಕ್ಕೆ ಮಾತು ಮರೆತುಹೋಗಿದೆ. ಮಗು ಕಲಿತ ಹಾಗೆ ಮತ್ತೆ ಕಲಿಯಬೇಕು. ದಿನಾ ಯಾರಾದರೂ ತುಟಿ ಕಾಣದ ಹಾಗೆ ಮರೆಯಲ್ಲಿ ನಿಂತು ಓದಬೇಕು, ನಾನು ತಿರುಗಿ ಹೇಳಬೇಕು.

“ಮೊದಮೊದಲು ಬೇಜಾರಾಗತ್ತೆ. ಕಿತ್ತು ಡ್ರಾಯರಿಗೆ ಹಾಕ್ಬೇಡಿ. ಡ್ರಾಯರಿಗೆ ಕಿವಿ ಕೇಳ್ಸಿ ಏನಾಗ್ಬೇಕು?”

ಹುಡುಗಿ ಪರವಾಗಿಲ್ಲ.

ಜನವರಿ 15, ಗುರುವಾರ

ಪ್ರಪಂಚ ಇಷ್ಟು ಗಲಾಟೆ ಎಂದು ಯಾರೂ ಹೇಳಿರಲಿಲ್ಲ. ಫ್ರಿಜ್ ಗೊರಕೆ ಹೊಡೆಯುತ್ತದೆ. ಇಸ್ತ್ರಿ ಬುಸ್ ಅನ್ನುತ್ತದೆ. ಅಕ್ಕ ಚಪ್ಪಲಿ ಎಳೆದುಕೊಂಡು ನಡೆಯುತ್ತಾಳೆ, ಪಾತ್ರೆ ತೊಳೆಯುವಾಗ ಹಾಡುತ್ತಾಳೆ. ಹಾಡು ಎಂದರೆ ಹಾಡಿಗೆ ಅವಮಾನ. ಇಷ್ಟು ವರ್ಷ ಹಾಡುತ್ತಲೇ ಇದ್ದಳಂತೆ. ನಾನು ಪುಣ್ಯವಂತೆ.

ಮಾತು ಮಾತ್ರ ಇನ್ನೂ ಮಾತಾಗಿಲ್ಲ. ದನಿ ಬರುತ್ತದೆ, ಅರ್ಥ ಅದರ ಹಿಂದೆ ಕುಂಟುತ್ತ ಬರುತ್ತದೆ, ಅಷ್ಟರಲ್ಲಿ ಮುಂದಿನ ಮಾತು ಬಂದಿರುತ್ತದೆ. ತಲೆನೋವು.

ಮಧ್ಯಾಹ್ನ ಮೇಜಿನ ಮೇಲೆ ಹತ್ತಿ ಬಟ್ಟೆ ಹಾಸಿ ಕತ್ತರಿ ಇಟ್ಟೆ. ಕರ್ರ್... ಉದ್ದಕ್ಕೆ ಒಂದೇ ಉಸಿರಿನ ಸದ್ದು. ನಿಂತೆ. ಉಣ್ಣೆಯದೊಂದು ತುಂಡು ತೆಗೆದು ಕತ್ತರಿಸಿದೆ. ಅದು ಮೆತ್ತಗೆ, ದಪ್ಪಗೆ. ರೇಷ್ಮೆ ಬೇರೆ, ಪಾಲಿಯೆಸ್ಟರ್ ಬೇರೆ. ಕೆಲಸ ಕಲಿಯುವಾಗ ಕಣ್ಣು ಮುಚ್ಚಿ ಸದ್ದಿನಲ್ಲೇ ಬಟ್ಟೆ ಹೇಳುತ್ತಿದ್ದೆ, ಅದು ಮರೆತೇ ಹೋಗಿತ್ತು. ಬುಟ್ಟಿಯ ಚೂರುಗಳನ್ನೆಲ್ಲ ತೆಗೆದು ಕತ್ತರಿಸುತ್ತ ಕೂತೆ. ಅಳು ಬಂತು. ಅಕ್ಕ ಓಡಿ ಬಂದು ಬೆರಳು ಕುಯ್ದುಕೊಂಡೆಯಾ ಎಂದು ಕೈ ತಿರುಗಿಸಿ ನೋಡಿದಳು.

ಜನವರಿ 20, ಮಂಗಳವಾರ

ಒತ್ತಿ ಬರೆದು ಕಾಗದ ತೂತಾಯಿತು. ಸಿಟ್ಟಿಗೆ.

ಔಷಧಿ ಅಂಗಡಿಯವರು ಪ್ಯಾಂಟು ಹಾಕಿ ನೋಡಿ ಪರದೆಯಿಂದ ಹೊರಗೆ ಬಂದರು. ಅವರದು ಗಟ್ಟಿ ದನಿ. ನಾನು ಬೆನ್ನು ಹಾಕಿ ಕಾಜ ಹೊಲಿಯುತ್ತಿದ್ದೆ. ಮಾತು ಮೊದಲ ಸಲ ಸಲೀಸಾಗಿ ಒಳಗೆ ಬಂತು.

“ಏನ್ರೀ ಇದು? ಕೂತ್ರೆ ಉಸಿರು ಕಟ್ಟತ್ತೆ. ಹೋದ ಸಲಾನೂ ಇದೇ ಕತೆ.”

ತಿರುಗಿದೆ. ಅಕ್ಕ ನನ್ನ ಕಡೆ ನೋಡಿ, ಮುಖದ ತುಂಬ ನಗು ಮಾಡಿ, ಹೆಬ್ಬೆರಳೆತ್ತಿದಳು. ಬಹಳ ಇಷ್ಟವಾಯಿತಂತೆ. ಆಮೇಲೆ ಸೊಂಟ ಸವರಿದಳು— ದಪ್ಪ ಆಗಿದ್ದಾರಂತೆ, ಒಂಚೂರು ಸಡಿಲ ಮಾಡಬೇಕಂತೆ.

ಪರೀಕ್ಷೆ ಮಾಡೋಣ ಅನಿಸಿತು. ಕೈಯಲ್ಲಿ ಹೇಳಿದೆ: ಊಟ ಕಡಿಮೆ ಮಾಡಲಿ.

ಅಕ್ಕ ಅವರತ್ತ ತಿರುಗಿದಳು. “ತಂಗಿ ಹೇಳ್ತಿದ್ದಾಳೆ, ತಪ್ಪಾಗೋಯ್ತಂತೆ, ಮನಸ್ಸಿಗೆ ಹಚ್ಕೋಬೇಡಿ ಅಂತೆ. ನಾಳೆನೇ ಸರಿ ಮಾಡಿಟ್ಟಿರ್ತಾಳೆ.”

“ಪಾಪ, ಅವರು ದೇವರಂಥವರು ಬಿಡಿ. ಅವರಿಗೋಸ್ಕರ ಬರ್ತೀನಿ, ಇಲ್ದಿದ್ರೆ...”

ಇಲ್ಲದಿದ್ದರೆ ಏನು ಎಂಬುದು ಕೇಳಿಸಲಿಲ್ಲ. ನನ್ನ ಕಿವಿಯೊಳಗೆ ರಕ್ತವೇ ಕುದಿಯುತ್ತಿತ್ತು. ನಾನು ದೇವರಂಥವಳಂತೆ! ಈ ಬೀದಿಯಲ್ಲಿ ನನ್ನಷ್ಟು ಹರಿತವಾದ ನಾಲಿಗೆ ಇನ್ನಾರಿಗೂ ಇಲ್ಲ ಎಂದುಕೊಂಡಿದ್ದೆ.

ಜನವರಿ 21, ಬುಧವಾರ

ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಕೇಳಿದೆ. ಎಷ್ಟು ವರ್ಷದಿಂದ ಹೀಗೆ?

ಅಕ್ಕ ಮೊದಲು ಗೋಡಂಬಿ ನೋಡಿದಳು, ಆಮೇಲೆ ನನ್ನ ಮುಖ. “ಕೇಳಿಸ್ತಾ?”

“ಕೇಳಿಸ್ತು.”

“ಒಳ್ಳೇದೇ ಆಯ್ತಲ್ಲ! ಅಷ್ಟು ದೂರದಿಂದ ಕೇಳಿಸ್ತಾ?”

“ಅಕ್ಕಾ, ಮಾತು ಹಾರಿಸ್ಬೇಡ.”

“ಏನ್ ಮಾಡ್ಲಿ ಮತ್ತೆ? ಮೂಗಿನ ತುದೀಲಿ ಕೋಪ ಇಟ್ಕೊಂಡವಳು ನೀನು. ಅವರು ಅಂದಿದ್ದನ್ನ ಅಂದ ಹಾಗೇ ಹೇಳಿದ್ರೆ ಪ್ಯಾಂಟನ್ನ ಅವರ ಮೈಮೇಲೇ ಕತ್ತರಿಸ್ತಿದ್ದೆ. ನೀನು ಅಂದಿದ್ದನ್ನ ಹಾಗೇ ಹೇಳಿದ್ರೆ ಅಂಗಡಿಗೆ ನೊಣಾನೂ ಬರ್ತಿರ್ಲಿಲ್ಲ.”

ನನ್ನ ಹೊಲಿಗೆ ಎಲ್ಲರಿಗೂ ಇಷ್ಟ ಎಂದು ನಂಬಿಕೊಂಡಿದ್ದೆ. ಎಷ್ಟು ಕೋಟು, ಎಷ್ಟು ಶರ್ಟು. ಯಾವುದು ನಿಜವಾಗಿ ಚೆನ್ನಾಗಿತ್ತು, ಯಾವುದು ಅಕ್ಕನ ಹೆಬ್ಬೆರಳಿನಿಂದ ಚೆನ್ನಾಗಿತ್ತು? ಈಗ ಹೇಗೆ ತಿಳಿಯಲಿ?

ಗೋಡಂಬಿ ಕಿತ್ತು ಡ್ರಾಯರಿಗೆ ಹಾಕಿದೆ. ಡ್ರಾಯರೇ ಕೇಳಿಸಿಕೊಳ್ಳಲಿ.

ಜನವರಿ 29, ಗುರುವಾರ

ಡ್ರಾಯರಿನಿಂದ ತೆಗೆದೆ. ಸೋತು ತೆಗೆದದ್ದಲ್ಲ. ಅಕ್ಕ ನಕ್ಕಾಗಲೆಲ್ಲ ಅದರ ಹಿಂದೆ ಗಿರಾಕಿ ಏನಂದಿರಬಹುದು ಎಂದು ಊಹಿಸಿ ಊಹಿಸಿ ಸುಸ್ತಾಯಿತು. ಬೈಗುಳವಾದರೂ ಸರಿ, ನೇರ ಬರಲಿ.

ಇವತ್ತು ಬಂದ ಮಾತುಗಳು: ಜೇಬು ಚಿಕ್ಕದಾಯಿತು. ತಡವಾಯಿತು. ಬಣ್ಣ ಒಪ್ಪುತ್ತದೆ. ಒಬ್ಬಾಕೆ “ಇವರ ಕಾಲರ್ ಥರ ಯಾರೂ ಕೂರ್ಸಲ್ಲ” ಅಂದರು. ಅದನ್ನು ಅಕ್ಕ ಹೇಳುವ ಮೊದಲೇ ಕೇಳಿಸಿಕೊಂಡೆ. ಸಂಜೆಯವರೆಗೂ ಅದೇ ಗುಂಗು.

ಫೆಬ್ರವರಿ 3, ಮಂಗಳವಾರ

ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಅಕ್ಕ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಮೇಲೆ ಮನೆಯಲ್ಲಿದ್ದೆ. ಕಿಟಕಿ ತೆರೆದಿತ್ತು, ರಸ್ತೆ ನಿಶ್ಶಬ್ದ. ಮೊದಲಾಗಿದ್ದರೆ ನನ್ನ ಬೆನ್ನ ಹಿಂದೆ ನಿಂತೇ ಮಾತಾಡುತ್ತಿದ್ದಳು. ಈಗ ಮೆಟ್ಟಿಲಿಗೆ ಹೋಗುತ್ತಾಳೆ. ಮೆಟ್ಟಿಲೂ ಸಾಲದು ಎಂದು ಅವಳಿಗೆ ತಿಳಿದಿಲ್ಲ.

“ಆಗಲ್ಲ ಪುಟ್ಟಾ. ಬರ್ಬೇಕು ಅಂತ ನಂಗೂ ಜೀವ ಬಡ್ಕೊಳ್ಳತ್ತೆ. ಇವಳನ್ನ ಯಾರ ಕೈಲಿ ಬಿಟ್ಟು ಬರ್ಲಿ?... ಹೂಂ, ಮಷೀನು ಹಾಕ್ಕೊಂಡಿದಾಳೆ. ಆದ್ರೂ ಅರ್ಧಕ್ಕರ್ಧ ಕೇಳ್ಸಲ್ಲ, ಕೇಳಿಸ್ದೋಳ ಹಾಗೆ ಹೂಂ ಅಂದ್ಬಿಡ್ತಾಳೆ... ನೋಡೋಣ, ಮುಂದಿನ ವರ್ಷ... ಗೊತ್ತು ಕಣೇ, ಹೋದ ವರ್ಷಾನೂ ಅಂದಿದ್ದೆ... ಚಿಕ್ಕಮ್ಮಂಗೆ ಹೇಳ್ಬೇಡ, ಕೊರಗ್ತಾಳೆ.”

ಅಕ್ಕನ ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳ ಮಗುವಿಗೆ ಈಗ ನಡೆಯುವ ವಯಸ್ಸು. ಅಕ್ಕ ಅದನ್ನು ಎತ್ತಿಕೊಂಡದ್ದು ಒಂದೇ ಸಲ, ಎರಡು ದಿನ ಹೋಗಿ ಬಂದಾಗ. ಯಾಕೆ ಅಲ್ಲೇ ಇದ್ದು ಬರಬಾರದು ಎಂದು ಕೇಳಿದಾಗಲೆಲ್ಲ ನನಗೆ ಹೇಳುತ್ತಿದ್ದದ್ದು: “ಅವರ ಮನೆ ಚಿಕ್ಕದು, ಅವರಿಗೆ ನಾನು ಬೇಡ.” ನಾನು ಆ ಹುಡುಗಿಯ ಮೇಲೆ ಹಲ್ಲು ಕಡಿಯುತ್ತಿದ್ದೆ, ತಾಯಿ ಬೇಡವಾದ ಮಗಳು ಎಂದು.

ಗಿರಾಕಿಗಳ ಮಾತಿಗಷ್ಟೇ ಅಲ್ಲ, ಮಗಳ ಮಾತಿಗೂ ಒಳಗಿನ ಹೊಲಿಗೆ ಕಾಣದಂತೆ ಲೈನಿಂಗ್ ಹಾಕಿ ಕೊಟ್ಟಿದ್ದಾಳೆ.

ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು: ಅವಳು ನಿಜಕ್ಕೂ ಹೋದರೆ ಏನು ಗತಿ? ಆ ಹೆದರಿಕೆ ಬಂದದ್ದಕ್ಕೆ ಮತ್ತೆ ನಾಚಿಕೆ.

ಕಲಿಯುತ್ತೇನೆ. ಅವಳನ್ನು ಕಳಿಸುವಷ್ಟು ಕಲಿಯುತ್ತೇನೆ.

ಫೆಬ್ರವರಿ 5, ಗುರುವಾರ

ಊಟವಾದ ಮೇಲೆ ಪಾಠ. ಅಕ್ಕ ಟ್ರಯಲ್ ಪರದೆಯ ಹಿಂದೆ ನಿಂತು ಪೇಪರ್ ಓದುತ್ತಾಳೆ, ನಾನು ಹೊರಗೆ ಸ್ಟೂಲಿನ ಮೇಲೆ ಕೂತು ಒಪ್ಪಿಸುತ್ತೇನೆ. ಹವಾಮಾನ ಬಂತು. ‘ಕೆಲಸಕ್ಕೆ ಬೇಕಾಗಿದ್ದಾರೆ’ ಮುಕ್ಕಾಲು ಬಂತು. ಸಂಪಾದಕೀಯ ಒಂದಕ್ಷರ ಬರಲಿಲ್ಲ. “ನಂಗೂ ಅರ್ಥ ಆಗ್ಲಿಲ್ಲ ಬಿಡು,” ಅಂದಳು ಪರದೆಯೊಳಗಿಂದ.

ಸಂಜೆ ಕಿವಿ ಹುಡುಗಿಯ ಹತ್ತಿರ ಹೋದೆ. ಗೋಡಂಬಿ ಟ್ಯೂನ್ ಮಾಡಿದಳು. ಆಮೇಲೆ ಕೇಳಿದಳು:

“ಕೇಳಿಸ್ದೇ ಇದ್ದಾಗ ಏನ್ಮಾಡ್ತೀರಿ?”

“ಏನೂ ಮಾಡಲ್ಲ.”

“ಹೂಂ ಅಂತೀರಾ?”

“ಹೂಂ.”

ಜೋರಾಗಿ ನಕ್ಕಳು. “ಮಷೀನು ಅರ್ಧ ಕೆಲ್ಸ ಮಾಡತ್ತೆ ಅಮ್ಮಾ. ಉಳಿದಿದ್ದು ನೀವೇ ಮಾಡ್ಬೇಕು. ‘ಇನ್ನೊಂದ್ಸಲ ಹೇಳಿ’— ಅನ್ನಿ ನೋಡೋಣ.”

ಬಾಯಿಗೆ ಬರಲಿಲ್ಲ. ಆ ಹುಡುಗಿಗೆ ಏನು ಗೊತ್ತು! ಕಿವಿ ಹೋಗಲು ಶುರುವಾದಾಗ ಎಷ್ಟು ಸಲ ಅಂದಿಲ್ಲ ನಾನು. ಮೊದಲ ಸಲ ಜನ ಮತ್ತೆ ಹೇಳುತ್ತಾರೆ. ಎರಡನೇ ಸಲ ಕಿರುಚುತ್ತಾರೆ. ಮೂರನೇ ಸಲ “ಏನಿಲ್ಲ ಬಿಡಿ” ಅನ್ನುತ್ತಾರೆ. ಆ ‘ಏನಿಲ್ಲ ಬಿಡಿ’ ಇದೆಯಲ್ಲ... ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅದನ್ನು ತಪ್ಪಿಸಿಕೊಳ್ಳಲು ಹೂಂ ಅನ್ನುವುದನ್ನು ಕಲಿತೆ. ಕಲಿತ ವಿದ್ಯೆ ಇಷ್ಟು ಬೇಗ ಬಿಡುವುದಿಲ್ಲ.

ಫೆಬ್ರವರಿ 11, ಬುಧವಾರ

ಅಕ್ಕನನ್ನು ಹಲ್ಲಿನ ಡಾಕ್ಟರ ಹತ್ತಿರ ಅಟ್ಟಿದೆ. ಬೇಕೆಂದೇ. ಅರ್ಧ ದಿನ ಕೌಂಟರಿನಲ್ಲಿ ಒಬ್ಬಳೇ. ಗೆದ್ದೆ!

ಬಂದವರು ಐದಾರು ಜನ. ಇಬ್ಬರದು ಬರೀ ಡೆಲಿವರಿ. ಒಬ್ಬರಿಗೆ ಗುಂಡಿ ಹಾಕಿಕೊಟ್ಟೆ. ಮಧ್ಯಾಹ್ನ ಒಬ್ಬಾಕೆ ಮಗಳನ್ನು ಕರೆದುಕೊಂಡು ಬಂದರು, ಗಂಡಸಿನ ಹಳೇ ಉಣ್ಣೆ ಕೋಟು ತಂದಿದ್ದರು. ಹುಡುಗಿಯ ಅಳತೆಗೆ ಚಿಕ್ಕದು ಮಾಡಬೇಕು, ಹೊಸ ಕೆಲಸಕ್ಕೆ ಸೇರುತ್ತಿದ್ದಾಳೆ. ಅಷ್ಟು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಹೊರಗೆ ರಸ್ತೆ ಅಗೆಯುವ ಡ್ರಿಲ್ ಶುರುವಾಯಿತು. ಗೋಡಂಬಿಯೊಳಗೆ ಬರೀ ಡ್ರಿಲ್. ಆಕೆಯದು ಮೆಲುದನಿ, ಮೂಗಿನವರೆಗೆ ಮಫ್ಲರ್ ಬೇರೆ. ಕೋಟಿನ ಒಳಗೆ ಕೈಯಿಟ್ಟು ಏನೋ ಹೇಳಿದರು, ಉದ್ದಕ್ಕೆ. ಹೂಂ ಅಂದೆ. ನನ್ನನ್ನೇ ನೋಡಿ ಮತ್ತೇನೋ ಕೇಳಿದರು. ಹೂಂ ಎಂದು ತಲೆಯಾಡಿಸಿದೆ. ಸಮಾಧಾನದಿಂದ ಹೋದರು.

ಅಕ್ಕ ದವಡೆ ಊದಿಸಿಕೊಂಡು ಬಂದಳು. ಏನಾದರೂ ತೊಂದರೆ ಆಯಿತೇ ಎಂದು ಸನ್ನೆ ಮಾಡಿದಳು. ಏನೂ ಇಲ್ಲ ಅಂದೆ.

ಫೆಬ್ರವರಿ 13, ಶುಕ್ರವಾರ

ಕೋಟು ಬಿಚ್ಚಿದೆ. ಉಣ್ಣೆ ಮೊದಲ ದರ್ಜೆಯದು. ಲೈನಿಂಗ್ ಮಾತ್ರ ಚಿಂದಿ. ಒಳಗೆ ಯಾರೋ ಕೈಹೊಲಿಗೆಯಲ್ಲಿ ಬೇರೆ ಬಟ್ಟೆಯ ಜೇಬು ಅಂಟಿಸಿದ್ದಾರೆ, ದಪ್ಪ ದಾರ, ಹೊಲಿಗೆ ಸೊಟ್ಟಂಬಟ್ಟ, ಕುಡಿದವನು ನಡೆದ ಹಾಗೆ. ಎಲ್ಲ ಕಿತ್ತು ಚೂರಿನ ಚೀಲಕ್ಕೆ ಹಾಕಿದೆ. ಹೊಸ ಸ್ಯಾಟಿನ್ ಹಾಕಿದೆ.

“ಲೈನಿಂಗ್ ಬದಲಿಸೋಕೆ ಹೇಳಿದ್ರಾ?” ಅಕ್ಕ.

“ಹೂಂ.”

ಎಷ್ಟೋ ಕಾಲದ ಮೇಲೆ ಇಂಥ ಕೆಲಸ ಮಾಡಿದ್ದೇನೆ. ಭುಜ ನೀರು ನಿಂತ ಹಾಗೆ ಕೂತಿದೆ. ಇದಕ್ಕೆ ಬರುವ ಹೊಗಳಿಕೆ ನೇರ ನನ್ನ ಕಿವಿಗೇ ಬರಬೇಕು.

ಫೆಬ್ರವರಿ 19, ಗುರುವಾರ

ಬಂತು.

ಆಕೆ ಮಗಳಿಗೆ ಕೋಟು ತೊಡಿಸಿದರು. ಹುಡುಗಿಗೆ ಹೇಳಿ ಮಾಡಿಸಿದಂತಿತ್ತು. ಆಕೆ ನಗುತ್ತಲೇ ಎದೆಯ ಭಾಗ ಸರಿಸಿ ಒಳಗೆ ಕೈಯಿಟ್ಟರು. ಕೈ ಹುಡುಕಿತು. ನಿಂತಿತು.

“ಜೇಬೆಲ್ಲಿ?”

ಕಿರುಚಲಿಲ್ಲ. ಹೊರಗೆ ಡ್ರಿಲ್ ಇರಲಿಲ್ಲ. ಆ ಮೂರಕ್ಷರದಲ್ಲಿ ಇದ್ದದ್ದೆಲ್ಲ ನನಗೆ ಕೇಳಿಸಿತು. ಯಾರಾದರೂ ಸದ್ದು ಮಾಡಿ ಅತ್ತಿದ್ದರೆ ಇಷ್ಟು ಕೇಳಿಸುತ್ತಿರಲಿಲ್ಲ.

ಅಕ್ಕ ಆಗಲೇ ಶುರು ಮಾಡಿದ್ದಳು. “ನೋಡಿ, ಹಳೇದು ತೀರಾ ಜೀರ್ಣವಾಗಿತ್ತು, ಹಾಗಾಗಿ ತಂಗಿ ಪ್ರೀತಿಯಿಂದ ಹೊಸದು—”

“ಅಕ್ಕಾ, ಸುಮ್ಮನಿರು.”

ಬಹಳ ಜೋರಾಗಿ ಬಂತು. ಹುಡುಗಿ ಬೆಚ್ಚಿದಳು. ಗಿರಾಕಿಯ ಎದುರು ಹೂಂ ಬಿಟ್ಟು ಬೇರೆ ಮಾತಿಗೆ ನನ್ನ ಬಾಯಿ ತೆರೆದು ಎಷ್ಟು ವರ್ಷವಾಗಿತ್ತೋ. ದನಿ ಇಳಿಸಿದೆ. ಈಗ ಇಳಿಸಬಲ್ಲೆ.

“ಅವತ್ತು ನೀವು ಹೇಳಿದ್ದು ನಂಗೆ ಕೇಳಿಸ್ಲಿಲ್ಲ. ನಂಗೆ ಕಿವಿ ಸರಿಯಾಗಿ ಕೇಳಲ್ಲ. ಕೇಳಿಸಿದ ಹಾಗೆ ತಲೆ ಆಡಿಸ್ಬಿಟ್ಟೆ. ಅಕ್ಕನ ತಪ್ಪಲ್ಲ, ನಂದು. ಅವತ್ತು ಏನು ಹೇಳಿದ್ರಿ... ಇನ್ನೊಂದ್ಸಲ ಹೇಳಿ.”

ಆಕೆ ಸ್ಟೂಲಿನ ಮೇಲೆ ಕೂತರು. ಮಫ್ಲರ್ ಇಳಿಸಿದರು. ಹೇಳಿದರು, ಮತ್ತೆ, ಪೂರ್ತಿ. ಗಂಡ ರೈಲಿನಲ್ಲಿ ಗಾರ್ಡ್ ಆಗಿದ್ದವರು, ಈಗಿಲ್ಲ. ಕನ್ನಡಕ ಇಡಲು ಆ ಜೇಬು ತಾವೇ ಹೊಲಿದುಕೊಂಡಿದ್ದರು, ಡ್ಯೂಟಿಯಲ್ಲಿ, ಓಡುವ ಗಾಡಿಯಲ್ಲಿ ಕೂತು. ಅದಕ್ಕೇ ಅಷ್ಟು ಸೊಟ್ಟ. ಮನೆಗೆ ಬರುವಾಗ ಕನ್ನಡಕದ ಜೊತೆ ಮಗಳಿಗೆ ಪೆಪ್ಪರ್‌ಮಿಂಟ್ ಇರುತ್ತಿತ್ತು. ಕೋಟು ಚಿಕ್ಕದು ಮಾಡಿಸುವ ಯೋಚನೆಯೇ ಆ ಜೇಬಿಗೋಸ್ಕರ.

“ಲೈನಿಂಗ್ ಹರಿದ್ರೂ ಪರವಾಗಿಲ್ಲ, ಅದನ್ನ ಮುಟ್ಬೇಡಿ ಅಂದೆ. ಗೊತ್ತಾಯ್ತಲ್ವಾ ಅಂತ ಎರಡನೇ ಸಲ ಕೇಳ್ದೆ. ನೀವು ಹೂಂ ಅಂದ್ರಿ.”

ಒಂದು ಮಾತೂ ತಪ್ಪದೆ ಕೇಳಿಸಿತು. ಒಂದಾದರೂ ತಪ್ಪಿಹೋಗಬಾರದೇ ಅನಿಸಿತು. ಕೋಟು ಬಿಟ್ಟು ಹೋಗಿ, ಹುಡುಕುತ್ತೇನೆ ಅಂದೆ. ಸಿಗುತ್ತದೆ ಎಂದು ಹೇಳಲಿಲ್ಲ. ಅಕ್ಕನಾಗಿದ್ದರೆ ಹೇಳುತ್ತಿದ್ದಳು.

ಚೂರಿನ ಚೀಲ ಸೋಮವಾರವೇ ದಿಂಬು ತುಂಬುವವರಿಗೆ ಹೋಗಿದೆ.

ಫೆಬ್ರವರಿ 20, ಶುಕ್ರವಾರ

ದಿಂಬಿನವರ ಶೆಡ್ಡು. ಬೀದಿಬೀದಿಯ ದರ್ಜಿ ಅಂಗಡಿಗಳ ಚೂರೆಲ್ಲ ಅಲ್ಲಿ ಮಷೀನಿಗೆ ಬಿದ್ದು ಹಿಂಜಿ ದಿಂಬಿನ ಹೊಟ್ಟೆ ಸೇರುತ್ತದೆ. ಅಕ್ಕ ಬರುತ್ತೇನೆ ಅಂದಳು. ಬೇಡ ಅಂದೆ.

ಒಳಗೆ ಕಿವಿ ಕಿತ್ತುಹೋಗುವ ಸದ್ದು. ದಿಂಬಿನವರು ಏನೋ ಅಂದರು. ತಲೆ ತಾನೇ ಆಡಲು ಹೊರಟಿತು, ಹಿಡಿದು ನಿಲ್ಲಿಸಿದೆ.

“ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.”

ಹೇಳಿದರು. ಅರ್ಧ ಬಂತು. “ಇನ್ನೊಂದ್ಸಲ.” ಕಿರುಚಿದರು. ಕಿರುಚಿದರೆ ಮಾತು ಇನ್ನೂ ಒಡೆಯುತ್ತದೆ. “ಕಿರುಚ್ಬೇಡಿ, ನಿಧಾನಕ್ಕೆ ಹೇಳಿ.” ಏನಿಲ್ಲ ಬಿಡಿ ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಮಷೀನು ನಿಲ್ಲಿಸಿ, ಎದುರಿಗೆ ಬಂದು, ಮಗ್ಗಿ ಹೇಳಿಕೊಡುವ ಹಾಗೆ ಹೇಳಿದರು:

“ಸೋಮವಾರದ ಮೂಟೆ. ಅರ್ಧ. ಹಿಂಜಿ ಆಗಿದೆ. ಇನ್ನರ್ಧ. ಆ ಮೂಲೇಲಿದೆ. ಹುಡುಕ್ಕೊಳ್ಳಿ.”

ಇಷ್ಟೇ. ಇದಕ್ಕೆ ಹೆದರಿ ಇಷ್ಟು ವರ್ಷ.

ಅವರು ಮತ್ತೆ ಮಷೀನು ಹಾಕಿದಾಗ ಗೋಡಂಬಿ ತೆಗೆದು ಪರ್ಸಿನಲ್ಲಿಟ್ಟೆ. ಹುಡುಕುವುದು ಬೆರಳಿನ ಕೆಲಸ. ಸಂಜೆಯವರೆಗೆ ಚೂರು ಕೆದಕಿದೆ. ಲೈನಿಂಗ್ ಬಂದದ್ದು ಪಟ್ಟಿಪಟ್ಟಿಯಾಗಿ. ಜೇಬು ಇರಲಿಲ್ಲ. ಮೂಗಿನ ತುಂಬ ಧೂಳು. ಬೆಳಗ್ಗೆ ಮತ್ತೆ ಹೋಗಬೇಕು.

ಫೆಬ್ರವರಿ 21, ಶನಿವಾರ

ಸಿಕ್ಕಿತು. ಬೇರೆಯವರ ಕಂಬಳಿ ಚೂರಿಗೆ ಸಿಕ್ಕಿಕೊಂಡಿತ್ತು. ಕೈಗೆ ಆ ದಪ್ಪ ದಾರ ತಾಗಿದ್ದೇ ಗೊತ್ತಾಯಿತು. ಒಂದು ಬದಿ ಕಿತ್ತುಹೋಗಿದೆ, ಉಳಿದದ್ದು ಇದೆ.

ಅಲ್ಲಿಯೇ ಮೂಟೆಯ ಮೇಲೆ ಕೂತು ಅತ್ತೆ. ದಿಂಬಿನವರು ಗಾಬರಿಯಾಗಿ ನೀರು ತಂದುಕೊಟ್ಟರು.

ಫೆಬ್ರವರಿ 23, ಸೋಮವಾರ

ಆಕೆ ಬಂದರು. ಜೇಬನ್ನು ಅಂಗೈ ಮೇಲಿಟ್ಟು ತೋರಿಸಿದೆ. ಕೇಳಿದೆ— ಹರಿದ ಬದಿಯನ್ನು ಹೇಗೆ ಹೊಲಿಯಲಿ? ನಿಮ್ಮ ಯಜಮಾನರ ಹಾಗೇ ಸೊಟ್ಟ ಹೊಲಿಯಬಲ್ಲೆ, ಗೊತ್ತಾಗದಂತೆ.

ಆಕೆ ಯೋಚಿಸಿದರು. ಏನೋ ಅಂದರು, ಮೆಲ್ಲಗೆ. ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಅಂದೆ. ಈ ಸಲ ನನ್ನ ಬಲಗಡೆಗೆ ಬಂದು ನಿಂತು ಹೇಳಿದರು.

“ಬೇಡ. ನೀವು ನೆಟ್ಟಗೇ ಹೊಲೀರಿ. ಅವರದು ಅವರದಾಗಿರ್ಲಿ.”

ಎದುರಿಗೇ ಹೊಲಿದು ಕೊಟ್ಟೆ. ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ಕೇಳಲೂ ಇಲ್ಲ. ಹೋಗುವಾಗ ಮಗಳು ಜೇಬಿಗೆ ಕೈ ಹಾಕಿಕೊಂಡೇ ಮೆಟ್ಟಿಲಿಳಿದಳು.

ಮಾರ್ಚ್ 1, ಭಾನುವಾರ

ಅಕ್ಕನಿಗೆ ಹೇಳಿದೆ. ಮಗಳ ಮನೆಗೆ ಹೋಗು. ಎರಡು ದಿನಕ್ಕಲ್ಲ. ಇರಲು ಹೋಗು.

“ಯಾರು ಹೇಳಿದ್ರು ನಿಂಗೆ?”

“ಮೆಟ್ಟಿಲು ಹೇಳ್ತು.”

ಮುಖ ಕೆಂಪಾಯಿತು. “ಕದ್ದು ಕೇಳಿದ್ಯಾ?”

“ಕೇಳ್ಲಿ ಅಂತ ತಾನೇ ಗೋಡಂಬಿ ಕೊಡ್ಸಿದ್ದು? ಮಗಳಿಗೆ ನೀನು ಬೇಡ ಅಂತ ಸುಳ್ಳು ಹೇಳಿ ನನ್ ಕೈಲಿ ಆ ಹುಡುಗೀನ ಬಯ್ಸಿದ್ಯಲ್ಲ.”

“ನಿಂಗೆ ಭಾರ ಆಗ್ಬಾರ್ದು ಅಂತ.”

“ಈಗ ಹಗುರ ಆಯ್ತಾ?”

ಅಕ್ಕ ದಾರದ ಉಂಡೆಗಳನ್ನು ಜೋಡಿಸಿದಳು, ಕೆಡಿಸಿ ಮತ್ತೆ ಜೋಡಿಸಿದಳು. ನಾನು ಲೆಕ್ಕ ಕೊಟ್ಟೆ: ಪೇಪರ್ ಓದಿದರೆ ಮುಕ್ಕಾಲು ಬರುತ್ತದೆ, ಎದುರಿಗೆ ನಿಂತರೆ ಅದಕ್ಕೂ ಹೆಚ್ಚು, ಬರದಿದ್ದದ್ದನ್ನು ಕೇಳುತ್ತೇನೆ. ತಪ್ಪಾಗುತ್ತದೆ. ತಪ್ಪಾದರೆ ನನ್ನ ಬಾಯಲ್ಲೇ ಹೇಳುತ್ತೇನೆ.

“ನಿನ್ನ ಬಾಯಲ್ಲಾ? ದೇವರೇ, ಬೀದಿ ಖಾಲಿ ಆಗತ್ತೆ.”

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಅವಳು ಸೆರಗಿಗೆ ಮುಖ ಒತ್ತಿಕೊಂಡು ಹೇಳಿದಳು, ಬಟ್ಟೆಯೊಳಗಿಂದ. ನನಗೆ ಕೇಳಿಸುವುದಿಲ್ಲ ಎಂದೇ ಹೇಳಿರಬೇಕು.

“ನಾನಿಲ್ದೇನೂ ನಡೆಯತ್ತೆ ಅಂದ್ರೆ, ಇಷ್ಟು ದಿನ ನಾನ್ಯಾಕಿದ್ದೆ ಇಲ್ಲಿ?”

ಕೇಳಿಸಿತು. ಹೂಂ ಅನ್ನಲಿಲ್ಲ. ಹತ್ತಿರ ಹೋಗಿ, “ನಿನ್ನ ಕಿವಿ ಬೇಡ ಅಂದೆ ಅಕ್ಕ. ನೀನು ಬೇಡ ಅಂದ್ನಾ?” ಅಂದೆ. ದನಿ ಎಷ್ಟು ಜೋರಿತ್ತೋ, ನೋಡಿಕೊಳ್ಳಲಿಲ್ಲ.

ಮಾರ್ಚ್ 15, ಭಾನುವಾರ

ಅಕ್ಕ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಏನೇನೋ ಹೇಳಿದಳು, ಎಂಜಿನ್ ಸದ್ದು. ಎಲ್ಲದಕ್ಕೂ “ಇನ್ನೊಂದ್ಸಲ” ಅಂದೆ. ಮೂರು ಸಲವೂ ಹೇಳಿದಳು: ಗ್ಯಾಸ್ ಆಫ್ ಮಾಡು, ಔಷಧಿಯವರ ಸೊಂಟ ಸಡಿಲ ಇಡು, ಬೈಯಬೇಡ. ಮೊದಲ ಸಲವೇ ಕೇಳಿಸಿತ್ತು. ಮತ್ತೆ ಹೇಳಲಿ ಎಂದು ಕೇಳಿದೆ.

ಮಾರ್ಚ್ 16, ಸೋಮವಾರ, ಬೆಳಗ್ಗೆ

ಎದ್ದ ಕೂಡಲೇ ಗೋಡಂಬಿ ಹಾಕಿಕೊಂಡೆ. ಏನೂ ಕೇಳಿಸಲಿಲ್ಲ. ವಾಲ್ಯೂಮ್ ಏರಿಸಿದೆ. ಇಲ್ಲ. ಎಡದ್ದು ತೆಗೆದು ಒರೆಸಿ ಹಾಕಿದೆ. ಇಲ್ಲ. ಎರಡಕ್ಕೂ ಹೊಸ ಬ್ಯಾಟರಿ ಹಾಕಿದೆ. ಇಲ್ಲ. ಇವತ್ತೇ ಕೆಡಬೇಕಿತ್ತೇ ಎಂದು ಅದಕ್ಕೆ ಬೈದೆ.

ಬೈದದ್ದು ಸ್ಪಷ್ಟವಾಗಿ ಕೇಳಿಸಿತು.

ಮಷೀನು ಕೆಟ್ಟಿಲ್ಲ. ಫ್ರಿಜ್ಜಿನ ಗೊರಕೆಯೂ ನಿಂತಿದೆ, ಅಡುಗೆಮನೆಯಲ್ಲಿ ಪಾತ್ರೆ ಇಲ್ಲ, ಹಾಡಿಲ್ಲ, ಚಪ್ಪಲಿ ಎಳೆಯುವವರಿಲ್ಲ. ಮನೆಯಲ್ಲಿ ಯಾರೂ ಇಲ್ಲ, ಅಷ್ಟೇ. ಇಷ್ಟು ವರ್ಷ ನಿಶ್ಶಬ್ದ ಅಂದರೆ ನನ್ನ ಕಿವಿಯೊಳಗಿನದು ಎಂದುಕೊಂಡಿದ್ದೆ. ಅದು ಇದಲ್ಲ. ಇದನ್ನು ಇವತ್ತೇ ಮೊದಲ ಸಲ ಕೇಳುತ್ತಿರುವುದು. ಇದಕ್ಕೇ ಕಿವಿ ಬೇಕಿತ್ತೇನೋ...

ಕೆಳಗೆ ಯಾರೋ ಶಟರ್ ಬಡಿಯುತ್ತಿದ್ದಾರೆ. ಇನ್ನೂ ತೆರೆಯುವ ಹೊತ್ತಾಗಿಲ್ಲ. ಏನೋ ಕೂಗಿ ಹೇಳುತ್ತಿದ್ದಾರೆ, ಗಂಡಸಿನ ದನಿ, ಅರ್ಥವಾಗುತ್ತಿಲ್ಲ. ಪೆನ್ನು ಇಟ್ಟು ಕಿಟಕಿಯಿಂದ ಬಗ್ಗಿ ಕೇಳುತ್ತೇನೆ, ಇನ್ನೊಂದು ಸಲ ಹೇಳಿ ಎಂದು.